ಮೊಟ್ಟೆಯೊಳಗೆ ಮರಿಯೊಂದೇ ಬರುವುದಿಲ್ಲ

ಮೈಸೂರಿನ ಅಶೋಕಪುರಂನ ಶಾಲೆಯೊಂದರಲ್ಲಿ ಪಕ್ಷಿಗಳ ಪಾಠ ನಡೆಯುತ್ತಿತ್ತು. ಏಳನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತು ಕೇಳಿದ: "ಸಾರ್, ಕಡಕ್‌ನಾಥ್ ಕೋಳಿ ಮೊಟ್ಟೇನ ಕೊರಿಯರ್‌ನಲ್ಲಿ ತರಿಸಿ ನಮ್ಮನೆ ಕೋಳಿ ಕೆಳಗೆ ಇಟ್ರೆ ಮರಿ ಆಗುತ್ತಾ?" ತರಗತಿಯೆಲ್ಲ ನಕ್ಕಿತು. ಆದರೆ ಅದು ನಗುವಂಥ ಪ್ರಶ್ನೆಯಲ್ಲ. ದೊಡ್ಡ ದೊಡ್ಡ ಕೋಳಿ ಸಾಕಣೆ ಕೇಂದ್ರಗಳೂ ಸರ್ಕಾರಗಳೂ ಇದೇ ಪ್ರಶ್ನೆಗೆ ಉತ್ತರ ಹುಡುಕಬೇಕಾಗುತ್ತದೆ. ಬೇರೆ ಊರಿನ, ಬೇರೆ ದೇಶದ ತಳಿಯೊಂದು ನಮಗೆ ಬೇಕಾದರೆ ಕೋಳಿಯನ್ನು ತರುವುದು ಕಷ್ಟ. ಅದಕ್ಕೆ ದಾರಿಯಲ್ಲಿ ನೀರು ಬೇಕು, ಮೇವು ಬೇಕು, ಗಾಳಿ ಬೇಕು. ಹನ್ನೆರಡು ಮೊಟ್ಟೆಯಾದರೆ ಒಂದು ಹುಲ್ಲಿನ ಬುಟ್ಟಿ ಸಾಕು. ಹಾಗಾದರೆ ತರಿಸಬಹುದೆ? ನಿಧಾನವಾಗಿ ನೋಡೋಣ.

ಕಡಕ್‌ನಾಥ್ ಮಧ್ಯಪ್ರದೇಶದ ಝಾಬುವಾ ಕಡೆಯ ಕೋಳಿ. ಗರಿ, ಚರ್ಮ, ಜುಟ್ಟು, ನಾಲಿಗೆ ಎಲ್ಲವೂ ಕಪ್ಪು. ಮಾಂಸ ಮತ್ತು ಮೂಳೆಯಲ್ಲೂ ಕಪ್ಪು ಛಾಯೆ. ನಮ್ಮ ಕೂದಲಿಗೆ ಬಣ್ಣ ಕೊಡುವ ಮೆಲನಿನ್ ಎಂಬ ವಸ್ತು ಈ ಕೋಳಿಯಲ್ಲಿ ದೇಹದ ಒಳಗೂ ಹರಡಿರುತ್ತದೆ. ಮೊಟ್ಟೆ ಮಾತ್ರ ಕಪ್ಪಲ್ಲ, ತಿಳಿ ಕಂದು ಅಥವಾ ಕೆನೆಯ ಬಣ್ಣದ್ದು. "ಕಡಕ್‌ನಾಥ್‌ನ ಕರಿ ಮೊಟ್ಟೆ" ಎಂದು ಯಾರಾದರೂ ಮಾರಲು ಬಂದರೆ ಬಣ್ಣ ಬಳಿದಿದ್ದಾರೆಯೇ ಎಂದು ಒಮ್ಮೆ ಉಜ್ಜಿ ನೋಡಿ! 2018ರಲ್ಲಿ ಝಾಬುವಾದ ಕಡಕ್‌ನಾಥ್‌ಗೆ ಭೌಗೋಳಿಕ ಸೂಚಿಕೆಯ ಮನ್ನಣೆ ಸಿಕ್ಕಿತು. ನಮ್ಮ ಮೈಸೂರು ಮಲ್ಲಿಗೆಗೂ ಮೈಸೂರು ವೀಳ್ಯದೆಲೆಗೂ ಇರುವುದು ಇದೇ ಮನ್ನಣೆ.

ನಮ್ಮ ನಾಡಿನ ತಳಿ ಯಾವುದು?

ಝಾಬುವಾಕ್ಕೆ ಹೋಗುವ ಮೊದಲು ಮನೆಯ ಹತ್ತಿರ ನೋಡೋಣ. ಹರಿಯಾಣದ ಕರ್ನಾಲ್‌ನಲ್ಲಿ ದೇಶದ ಸಾಕುಪ್ರಾಣಿಗಳ ತಳಿಗಳನ್ನು ದಾಖಲಿಸುವ ಒಂದು ರಾಷ್ಟ್ರೀಯ ಸಂಸ್ಥೆಯಿದೆ. ಹಳ್ಳಿಕಾರ್, ಅಮೃತಮಹಲ್ ದನಗಳ ಹೆಸರು ಅಲ್ಲಿ ಇರುವ ಹಾಗೆಯೇ ಕೋಳಿ ತಳಿಗಳ ಹೆಸರೂ ಇವೆ. ಅವುಗಳಲ್ಲಿ ಆಂಧ್ರಪ್ರದೇಶ ಮತ್ತು ಕರ್ನಾಟಕ ಎರಡಕ್ಕೂ ಸೇರಿದ ತಳಿಯೊಂದುಂಟು. ಅದರ ಹೆಸರು ಘಾಗಸ್. ಕೋಲಾರ ಜಿಲ್ಲೆ ಮತ್ತು ಅದಕ್ಕೆ ತಾಗಿದ ಆಂಧ್ರದ ಗಡಿಭಾಗ ಇದರ ನೆಲೆ. ಊರಿಂದೂರಿಗೆ ಅಲೆಯುವ ಜನರು ಇದನ್ನು ಜೊತೆಯಲ್ಲಿ ಒಯ್ದು ಸಾಕುತ್ತ ಬಂದವರು. ಹುಂಜದ ಎದೆ, ಬಾಲ, ತೊಡೆಗಳು ಹೊಳೆಯುವ ನೀಲಿಗಪ್ಪು. ಕತ್ತಿನ ಮೇಲೆ ಹೊನ್ನಿನ ಬಣ್ಣದ ಗರಿ. ಗಂಟಲ ಕೆಳಗೆ ಚರ್ಮ ಸಡಿಲವಾಗಿ ಜೋಲುತ್ತದೆ. ಕೋಳಿಯ ತಳಿಯನ್ನು ಗುರುತಿಸುವಾಗ ಜುಟ್ಟು, ಗಂಟಲು, ಕಾಲಿನ ಬಣ್ಣ ಇವನ್ನೇ ಮೊದಲು ನೋಡುವುದು. ಬರೀ ಗರಿಯ ಬಣ್ಣ ನೋಡಿದರೆ ಮೋಸ ಹೋಗುತ್ತೀರಿ.

ಘಾಗಸ್ ಹೇಂಟೆ ವರ್ಷಕ್ಕೆ ಇಡುವ ಮೊಟ್ಟೆ ಕಡಿಮೆ, ಐವತ್ತರ ಆಸುಪಾಸು. ಅಂಗಡಿಯ ಬಿಳಿ ಮೊಟ್ಟೆ ಇಡುವ ಲೆಗ್‌ಹಾರ್ನ್ ಜಾತಿಯ ಕೋಳಿ ವರ್ಷಕ್ಕೆ ಮುನ್ನೂರರ ಹತ್ತಿರ ಇಡುತ್ತದೆ. ಆದರೆ ಆ ಮುನ್ನೂರು ಮೊಟ್ಟೆಯ ಕೋಳಿಗೆ ಕಾವು ಕೂರಲು ಬರುವುದಿಲ್ಲ! ಏಕೆಂದರೆ ಕಾವಿಗೆ ಕೂತ ಹೇಂಟೆ ಮೊಟ್ಟೆ ಇಡುವುದನ್ನು ನಿಲ್ಲಿಸುತ್ತದೆ. ಹೆಚ್ಚು ಮೊಟ್ಟೆ ಬೇಕೆಂದ ಮನುಷ್ಯ, ತಲೆಮಾರಿನಿಂದ ತಲೆಮಾರಿಗೆ ಕಾವು ಕೂರದ ಕೋಳಿಗಳನ್ನೇ ಆರಿಸುತ್ತ ಬಂದ. ಕೊನೆಗೆ ತಾಯಿಯಾಗುವ ಗುಣವೇ ಆ ತಳಿಯಿಂದ ಮರೆಯಾಯಿತು. ಘಾಗಸ್ ಹೇಂಟೆ ಒಳ್ಳೆಯ ತಾಯಿ. ಕರೆಂಟು ಹೋದರೂ ಅದರ ಕಾವು ಆರುವುದಿಲ್ಲ.

1989ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಗಿರಿರಾಜ ಎಂಬ ಕೋಳಿಯನ್ನು ಹೊರತಂದರು. ನಿಮ್ಮ ಅಜ್ಜಿಗೆ ಈ ಹೆಸರು ಖಂಡಿತ ಗೊತ್ತಿರುತ್ತದೆ. ಬೇಗ ಬೆಳೆಯುತ್ತದೆ, ಮೊಟ್ಟೆಯನ್ನೂ ನಾಟಿಗಿಂತ ಎರಡು ಪಟ್ಟಿಗೂ ಹೆಚ್ಚು ಇಡುತ್ತದೆ. ಎಷ್ಟೋ ಹಳ್ಳಿಯ ಮನೆಗಳಿಗೆ ಇದರಿಂದ ಕಾಸು ಬಂತು. ನಾನು ಗಿರಿರಾಜಕ್ಕೆ ವಿರೋಧಿಯಲ್ಲ. ಆದರೆ ಗಿರಿರಾಜ ಹುಂಜವನ್ನು ನಾಟಿ ಹೇಂಟೆಗಳ ಜೊತೆ ಬಿಟ್ಟರೆ ಹುಟ್ಟುವುದು ಬೆರಕೆ. ಆ ಬೆರಕೆಯ ಮರಿಗಳು ಇನ್ನೊಂದು ಬೆರಕೆಗೆ ಸೇರುತ್ತವೆ. ನಾಲ್ಕೈದು ತಲೆಮಾರು ಕಳೆದ ಮೇಲೆ ಆ ಊರಿನ ಮೂಲ ತಳಿ ಯಾವುದಿತ್ತು ಎಂದು ಹೇಳಲು ಒಂದು ಕೋಳಿಯೂ ಉಳಿದಿರುವುದಿಲ್ಲ. ಯಾರೂ ಅದನ್ನು ಕೊಂದಿರುವುದಿಲ್ಲ. ಬೆರೆತು ಬೆರೆತು ಕರಗಿಹೋಗಿರುತ್ತದೆ.

ಭತ್ತದ ಬೀಜವನ್ನಾದರೆ ಡಬ್ಬಿಯಲ್ಲಿ ತಣ್ಣಗೆ ಇಟ್ಟು ವರ್ಷಗಟ್ಟಲೆ ಕಾಪಾಡಬಹುದು. ಮೊಟ್ಟೆಯನ್ನು ಹಾಗೆ ಹೆಪ್ಪುಗಟ್ಟಿಸಿ ಇಡಲಾಗದು. ಹೆಪ್ಪುಗಟ್ಟಿದರೆ ಒಳಗಿನ ಜೀವ ಸಾಯುತ್ತದೆ. ಹುಂಜದ ವೀರ್ಯವನ್ನು ಪ್ರಯೋಗಾಲಯದಲ್ಲಿ ಹೆಪ್ಪುಗಟ್ಟಿಸಿ ಇಡಬಹುದಾದರೂ ಅದು ಅರ್ಧ ಮಾತ್ರ, ಹೇಂಟೆಯೂ ಬೇಕಲ್ಲ! ಹಾಗಾಗಿ ಕೋಳಿಯ ತಳಿ ಉಳಿಯಬೇಕಾದರೆ ಯಾರದಾದರೂ ಹಿತ್ತಲಿನಲ್ಲಿ ಅದು ಓಡಾಡುತ್ತಲೇ ಇರಬೇಕು. ಹೈದರಾಬಾದಿನ ಕೋಳಿ ಸಂಶೋಧನಾ ನಿರ್ದೇಶನಾಲಯದಲ್ಲಿ ಘಾಗಸ್ ಹಿಂಡನ್ನು ಸಾಕುತ್ತಿರುವುದು ಇದಕ್ಕಾಗಿಯೇ.

ನಿದ್ದೆಯಲ್ಲಿರುವ ಪ್ರಯಾಣಿಕ

ಒಂದು ಒಗಟು. ಹೇಂಟೆ ದಿನಕ್ಕೆ ಒಂದಕ್ಕಿಂತ ಹೆಚ್ಚು ಮೊಟ್ಟೆ ಇಡುವುದಿಲ್ಲ. ಹನ್ನೆರಡು ಮೊಟ್ಟೆಗೆ ಹದಿನೈದು ದಿನವಾದರೂ ಬೇಕು. ಆದರೂ ಮರಿಗಳೆಲ್ಲ ಹೆಚ್ಚು ಕಡಿಮೆ ಒಂದೇ ದಿನ ಹೊರಬರುತ್ತವೆ. ಮೊದಲು ಇಟ್ಟ ಮೊಟ್ಟೆಯ ಮರಿ ಎರಡು ವಾರ ಮೊದಲೇ ಬರಬೇಕಿತ್ತಲ್ಲವೆ?

ಬರುವುದಿಲ್ಲ. ಮೊಟ್ಟೆ ಹೊರಬಂದಾಗ ಅದರ ಹಳದಿಯ ಮೇಲೆ ಸಣ್ಣ ಬಿಳಿ ಚುಕ್ಕೆಯಾಗಿ ಭ್ರೂಣ ಇರುತ್ತದೆ. ಅದರಲ್ಲಿ ಆಗಲೇ ಸಾವಿರಾರು ಜೀವಕೋಶಗಳಿರುತ್ತವೆ. ಸುಮಾರು 20 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ಭ್ರೂಣ ಬೆಳೆಯದೆ ನಿದ್ದೆ ಮಾಡುತ್ತದೆ. ತಾಯಿ ಕಾವು ಕೂತು 37 ಡಿಗ್ರಿಯ ಮೇಲೆ ಬಿಸಿ ಮುಟ್ಟಿದಾಗ ಎಲ್ಲವೂ ಒಟ್ಟಿಗೆ ಎಚ್ಚರಗೊಂಡು, 21 ದಿನಕ್ಕೆ ಒಟ್ಟಿಗೆ ಹೊರಬರುತ್ತವೆ. ಈ ನಿದ್ದೆಯೇ ಮೊಟ್ಟೆಯ ಪ್ರಯಾಣವನ್ನು ಸಾಧ್ಯವಾಗಿಸುವುದು.

ಆದರೆ ಈ ನಿದ್ದೆ ಬಲು ನಾಜೂಕು. ಏಪ್ರಿಲ್‌ನ ಬಿಸಿಲಿನಲ್ಲಿ ಮೊಟ್ಟೆಯ ಪೆಟ್ಟಿಗೆ ಲಾರಿಯಲ್ಲಿ 30 ಡಿಗ್ರಿ ದಾಟಿದರೆ ಭ್ರೂಣ ಅರ್ಧ ಎಚ್ಚರಗೊಳ್ಳುತ್ತದೆ. ಪೂರ್ತಿ ಬೆಳೆಯಲು ಆ ಕಾವು ಸಾಲದು, ಮಲಗಿರಲು ಹೆಚ್ಚಾಯಿತು. ಹೀಗೆ ಅರೆಬರೆ ಬೆಳೆದು ಸಾಯುತ್ತದೆ. ಇಟ್ಟು ಒಂದು ವಾರ ದಾಟಿದ ಮೊಟ್ಟೆಯಲ್ಲೂ ಮರಿಯಾಗುವ ಸಾಧ್ಯತೆ ದಿನದಿಂದ ದಿನಕ್ಕೆ ಇಳಿಯುತ್ತದೆ. ಫ್ರಿಜ್ ಇಲ್ಲದ ನಮ್ಮ ಹಿರಿಯರು ಒದ್ದೆ ಮರಳಿನ ಮೇಲೆ ಮಡಕೆಯಿಟ್ಟು ಅದರಲ್ಲಿ ಮೊಟ್ಟೆ ಇಡುತ್ತಿದ್ದರು. ನೀರು ಆವಿಯಾಗುವಾಗ ಶಾಖವನ್ನು ಹೀರಿಕೊಳ್ಳುತ್ತದೆ ಎಂಬ ಪಾಠ ನಿಮಗೆ ನೆನಪಿದೆಯಲ್ಲ? ಇಲ್ಲಿ ನಡೆಯುವುದೂ ಅದೇ.

ಇನ್ನೊಂದು ಮಾತು. ಮೊಟ್ಟೆಯ ಅಗಲವಾದ ತುದಿಯಲ್ಲಿ ಗಾಳಿಯ ಚೀಲ ಇರುತ್ತದೆ. ದಾರಿಯ ಕುಲುಕಾಟಕ್ಕೆ ಅದು ಸಡಿಲಗೊಳ್ಳುತ್ತದೆ. ಆದ್ದರಿಂದ ದೂರದಿಂದ ಬಂದ ಮೊಟ್ಟೆಯನ್ನು ಅಗಲ ತುದಿ ಮೇಲೆ ಮಾಡಿ ಒಂದು ದಿನ ಅಲುಗಾಡಿಸದೆ ಇಟ್ಟು ಆಮೇಲೆ ಕಾವಿಗೆ ಇಡಬೇಕು. ಕೊಳೆಯಾಗಿದೆಯೆಂದು ತಣ್ಣೀರಿನಲ್ಲಿ ತೊಳೆಯಬಾರದು. ಚಿಪ್ಪಿನಲ್ಲಿ ಏಳು ಸಾವಿರಕ್ಕೂ ಹೆಚ್ಚು ಸೂಕ್ಷ್ಮ ರಂಧ್ರಗಳಿವೆ. ಮರಿ ಉಸಿರಾಡುವುದು ಅವುಗಳ ಮೂಲಕ. ತೊಳೆದರೆ ಚಿಪ್ಪಿನ ಮೇಲಿನ ರಕ್ಷಣೆಯ ಪೊರೆ ಹೋಗುತ್ತದೆ. ಒಳಗಿನ ಗಾಳಿ ತಣ್ಣಗಾಗಿ ಕುಗ್ಗಿ, ಹೊರಗಿನ ಕೊಳೆನೀರನ್ನು ರಂಧ್ರದೊಳಕ್ಕೆ ಎಳೆದುಕೊಳ್ಳುತ್ತದೆ.

ಟಿಕೆಟ್ಟಿಲ್ಲದ ಪ್ರಯಾಣಿಕರು

ಮೊಟ್ಟೆ ಜೀವಂತವಾಗಿ ಬಂತೆಂದೇ ಇಟ್ಟುಕೊಳ್ಳಿ. ಅದರ ಜೊತೆ ಇನ್ನೇನು ಬಂತು?

ಪುಲ್ಲೋರಮ್ ಎಂಬ ಬ್ಯಾಕ್ಟೀರಿಯಾ ರೋಗವಿದೆ. ಮರಿಗಳು ಬಿಳಿಯಾಗಿ ಭೇದಿ ಮಾಡಿಕೊಂಡು ಮೊದಲ ವಾರಗಳಲ್ಲೇ ಸಾಯುತ್ತವೆ. ಬದುಕಿ ಉಳಿದದ್ದು ದೊಡ್ಡದಾದ ಮೇಲೆ ನೋಡಲು ಪೂರ್ತಿ ಆರೋಗ್ಯವಾಗಿರುತ್ತದೆ. ಆದರೆ ರೋಗಾಣು ಅದರ ಅಂಡಾಶಯದಲ್ಲಿ ಅಡಗಿ ಕೂತಿರುತ್ತದೆ. ಮೊಟ್ಟೆ ರೂಪುಗೊಳ್ಳುವಾಗಲೇ ಒಳಗೆ ಸೇರುತ್ತದೆ. ಚಿಪ್ಪನ್ನು ಎಷ್ಟು ಶುಚಿ ಮಾಡಿದರೂ ಪ್ರಯೋಜನವಿಲ್ಲ. ತಾಯಿಯನ್ನು ನೋಡಿಯೂ ಮೊಟ್ಟೆಯನ್ನು ನೋಡಿಯೂ ಗೊತ್ತಾಗದ ಇಂಥ ರೋಗವನ್ನು ಕಂಡುಹಿಡಿಯುವುದು ತಾಯಿಯ ರಕ್ತದಿಂದ. ಒಂದು ಹನಿ ರಕ್ತವನ್ನು ಬಣ್ಣ ಹಾಕಿದ ಪರೀಕ್ಷಾದ್ರವದ ಜೊತೆ ಬೆರೆಸುತ್ತಾರೆ. ಸಣ್ಣ ಸಣ್ಣ ಗಂಟು ಕಟ್ಟಿದರೆ ಆ ಕೋಳಿಯಲ್ಲಿ ರೋಗವಿದೆ ಎಂದರ್ಥ. ಅದರ ಮೊಟ್ಟೆಯನ್ನು ಮರಿ ಮಾಡಲು ಬಳಸುವುದಿಲ್ಲ.

ಹಕ್ಕಿಜ್ವರ ಇನ್ನೂ ಗಂಭೀರ. ಭಾರತದಲ್ಲಿ ಇದು ಮೊದಲು ಕಂಡದ್ದು 2006ರಲ್ಲಿ, ಮಹಾರಾಷ್ಟ್ರದ ನವಾಪುರದಲ್ಲಿ. ನಮ್ಮ ಮೈಸೂರಿಗೂ ಅದು ಹೊಸದಲ್ಲ. 2017ರ ಜನವರಿಯಲ್ಲಿ ಪಕ್ಷಿಗಳಿಗೆ ಹಕ್ಕಿಜ್ವರ ಬಂದು ಮೈಸೂರು ಮೃಗಾಲಯ ಸುಮಾರು ಒಂದು ತಿಂಗಳು ಬಾಗಿಲು ಮುಚ್ಚಿತ್ತು. 2020ರ ಮಾರ್ಚ್‌ನಲ್ಲಿ, ಎಲ್ಲರೂ ಕೊರೊನಾ ಮಾತಾಡುತ್ತಿದ್ದಾಗ, ನಗರದ ಕುಂಬಾರಕೊಪ್ಪಲಿನಲ್ಲಿ ಕೋಳಿಗಳು ಸತ್ತವು. ಮಾದರಿಗಳನ್ನು ಭೋಪಾಲದ ಪ್ರಯೋಗಾಲಯಕ್ಕೆ ಕಳುಹಿಸಿದಾಗ ಹಕ್ಕಿಜ್ವರ ಖಚಿತವಾಯಿತು. ಇಂಥ ಸಂದರ್ಭದಲ್ಲಿ ನಿಯಮ ಹೀಗಿದೆ: ರೋಗ ಕಂಡ ಸ್ಥಳವನ್ನು ಕೇಂದ್ರವಾಗಿಟ್ಟು 1 ಕಿ.ಮೀ. ತ್ರಿಜ್ಯದ ವೃತ್ತದೊಳಗಿನ ಸಾಕುಕೋಳಿಗಳನ್ನೆಲ್ಲ ಕೊಂದು ಹೂಳಬೇಕು, 10 ಕಿ.ಮೀ. ತ್ರಿಜ್ಯದವರೆಗೆ ನಿಗಾ ಇಡಬೇಕು. ನಗರದ ನಕ್ಷೆ ತೆಗೆದುಕೊಂಡು ಕೈವಾರದಿಂದ ಈ ವೃತ್ತಗಳನ್ನು ಎಳೆದು ನೋಡಿ. ಅಶೋಕಪುರಂ ದೊಡ್ಡ ವೃತ್ತದ ಒಳಗೇ ಬರುತ್ತದೆ.

ಈಗ ಯೋಚಿಸಿ. ಆ ಸಣ್ಣ ವೃತ್ತದೊಳಗೆ ಯಾರೋ ಒಬ್ಬರು ಅಪರೂಪದ ತಳಿಯನ್ನು ಹತ್ತು ವರ್ಷದಿಂದ ಜೋಪಾನ ಮಾಡಿದ್ದರೆ? ರೋಗವಿಲ್ಲದಿದ್ದರೂ ಅದೂ ಹೋಗುತ್ತದೆ. 2012ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಬಳಿಯ ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿ ಕೇಂದ್ರದಲ್ಲಿ ಟರ್ಕಿ ಕೋಳಿಗಳಿಗೆ ಹಕ್ಕಿಜ್ವರ ತಗುಲಿ, ಅಲ್ಲಿದ್ದ ಸಾವಿರಾರು ಕೋಳಿಗಳನ್ನು ಕೊಲ್ಲಬೇಕಾಯಿತು. ಇದಕ್ಕೇ ಅಪರೂಪದ ತಳಿಯನ್ನು ಒಂದೇ ಕಡೆ ಇಡಬಾರದು ಎನ್ನುವುದು. ಎರಡು ಮೂರು ಊರುಗಳಲ್ಲಿ ಹಂಚಿ ಸಾಕಬೇಕು.

ವಿದೇಶದ ಮೊಟ್ಟೆಯ ಕಥೆ ಈಗ ಸುಲಭವಾಗಿ ತಿಳಿಯುತ್ತದೆ. ವಿಮಾನದಲ್ಲಿ ಬರುವ ನೆಂಟರು ಬ್ಯಾಗಿನಲ್ಲಿ ನಾಲ್ಕು ಮೊಟ್ಟೆ ಅಡಗಿಸಿ ತರುವಂತಿಲ್ಲ. ಜಾನುವಾರು ಆಮದಿಗೆ ನಮ್ಮಲ್ಲಿ 1898ರಿಂದಲೇ ಕಾಯ್ದೆಯಿದೆ. ಕೇಂದ್ರದ ಪಶುಸಂಗೋಪನಾ ಇಲಾಖೆಯ ಅನುಮತಿ ಪತ್ರ ಮೊದಲೇ ಪಡೆದಿರಬೇಕು. ಮೊಟ್ಟೆ ಇಟ್ಟ ಹಿಂಡಿಗೆ ರೋಗವಿಲ್ಲವೆಂದು ಆ ದೇಶದ ಸರ್ಕಾರಿ ಪಶುವೈದ್ಯರು ಬರೆದುಕೊಟ್ಟಿರಬೇಕು. ಬಂದಿಳಿದ ಮೇಲೆ ಪ್ರಾಣಿಗಳ ತಪಾಸಣೆಯ ಕೇಂದ್ರದವರು ಪರಿಶೀಲಿಸಬೇಕು. ಇಷ್ಟೆಲ್ಲ ಏಕೆ ಎಂದು ಕೆಲವರು ಗೊಣಗುತ್ತಾರೆ. ಕುಂಬಾರಕೊಪ್ಪಲಿನಲ್ಲಿ ಕೋಳಿ ಕಳೆದುಕೊಂಡವರು ಗೊಣಗಲಾರರು.

ನಮ್ಮ ಹುಡುಗನ ಕಡಕ್‌ನಾಥ್‌ಗೆ ಈ ಕಾಯ್ದೆ ಅನ್ವಯಿಸುವುದಿಲ್ಲ, ಅದು ನಮ್ಮ ದೇಶದ್ದೇ. ಆದರೆ ರೋಗಾಣುವಿಗೆ ರಾಜ್ಯದ ಗಡಿ ತಿಳಿಯದು. ರೋಗ ಪರೀಕ್ಷೆ ಮಾಡಿಸಿದ ಹಿಂಡಿನಿಂದ, ಗುರುತಿರುವ ಕೇಂದ್ರದಿಂದ ಮಾತ್ರ ತರಬೇಕು. ಹುಟ್ಟಿದ ಮರಿಗಳನ್ನು ಮನೆಯ ಹಳೆಯ ಕೋಳಿಗಳೊಡನೆ ಕೂಡಲೇ ಬಿಡದೆ ಮೂರು ನಾಲ್ಕು ವಾರ ಬೇರೆಯೇ ಸಾಕಬೇಕು. ಮೊದಲು ಹಳೆಯ ಕೋಳಿಗೆ ಮೇವು ಹಾಕಿ, ಆಮೇಲೆ ಹೊಸದಕ್ಕೆ. ತಿರುಗಾಮುರುಗಾ ಮಾಡಿದರೆ ನಿಮ್ಮ ಕೈ ಕಾಲುಗಳೇ ರೋಗ ಸಾಗಿಸುತ್ತವೆ.

ಒಂದು ಸೀಸೆ ಲಸಿಕೆ, ಹತ್ತು ಮನೆ

ಹಿತ್ತಲ ಕೋಳಿಗಳನ್ನು ಹೆಚ್ಚಾಗಿ ಕೊಲ್ಲುವುದು ಕೊಕ್ಕರೆ ರೋಗ. ರಾಣಿಖೇತ್ ರೋಗ ಎಂದೂ ಕರೆಯುತ್ತಾರೆ. 1920ರ ದಶಕದಲ್ಲಿ ಉತ್ತರಾಖಂಡದ ರಾಣಿಖೇತ್‌ನಲ್ಲಿ ಇದನ್ನು ಗುರುತಿಸಿದ್ದರಿಂದ ಆ ಹೆಸರು. ಹಸಿರು ಭೇದಿ, ಬಾಯಿ ತೆರೆದು ಉಸಿರಾಟ, ತಿರುಚಿದ ಕತ್ತು ಇದರ ಗುರುತುಗಳು. ವೈರಸ್‌ನಿಂದ ಬರುವ ಈ ರೋಗಕ್ಕೆ ಔಷಧಿಯಿಲ್ಲ, ಲಸಿಕೆಯಿದೆ. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ. ಎಂಟು ವಾರವಾದಾಗ ಚುಚ್ಚುಮದ್ದು. ಈ ಚುಚ್ಚುಮದ್ದಿನ ಲಸಿಕೆ ರೂಪುಗೊಂಡದ್ದು 1940ರ ದಶಕದಲ್ಲಿ ರಾಣಿಖೇತ್‌ಗೆ ದೂರವಲ್ಲದ ಮುಕ್ತೇಶ್ವರದಲ್ಲಿ.

ಲಸಿಕೆಯಿದ್ದೂ ಕೋಳಿಗಳು ಏಕೆ ಸಾಯುತ್ತವೆ? ಕಾರಣ ಗಣಿತದಲ್ಲಿದೆ. ಒಂದು ಸಣ್ಣ ಸೀಸೆಯಲ್ಲಿ 100 ಕೋಳಿಗೆ ಆಗುವಷ್ಟು ಲಸಿಕೆ ಇರುತ್ತದೆ. ಬೆರೆಸಿದ ಮೇಲೆ ಮಂಜುಗಡ್ಡೆಯ ಮೇಲಿಟ್ಟು ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಒಂದು ಮನೆಯಲ್ಲಿರುವುದು ಎಂಟೋ ಹತ್ತೋ ಕೋಳಿ. ಅದಕ್ಕಾಗಿ ಸೀಸೆ ಒಡೆಯಲು ಯಾರಿಗೂ ಮನಸ್ಸು ಬರುವುದಿಲ್ಲ. ಬೀದಿಯ ಹತ್ತು ಮನೆಯವರು ಒಂದೇ ದಿನ ಗೊತ್ತುಮಾಡಿಕೊಂಡು ಪಶು ಆಸ್ಪತ್ರೆಗೆ ತಿಳಿಸಿದರೆ ಒಂದು ಸೀಸೆಯಲ್ಲಿ ಇಡೀ ಬೀದಿಯ ಕೋಳಿಗಳು ಉಳಿಯುತ್ತವೆ. ಯಾರ ಮನೆಯಲ್ಲಿ ಎಷ್ಟು ಕೋಳಿ ಎಂಬ ಪಟ್ಟಿ ಮಾಡುವ ಕೆಲಸ ನಿಮ್ಮದಾಗಲಿ. ದೊಡ್ಡವರಿಗಿಂತ ನಿಮಗೇ ಆ ಲೆಕ್ಕ ಚೆನ್ನಾಗಿ ಗೊತ್ತಿರುತ್ತದೆ.

ಉಳಿದ ಎರಡು ರೋಗಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಮರಿಗಳ ರಕ್ತಭೇದಿ ಒದ್ದೆ ನೆಲದಿಂದ ಹರಡುತ್ತದೆ; ಗೂಡಿನ ನೆಲಕ್ಕೆ ಭತ್ತದ ಹೊಟ್ಟು ಹರಡಿ ಆಗಾಗ ಕೆದಕಿ ಒಣಗಿಸಿ. ಕೋಳಿ ಸಿಡುಬನ್ನು ಸೊಳ್ಳೆ ಹರಡುತ್ತದೆ. ನೀರು ನಿಲ್ಲಲು ಬಿಡಬೇಡಿ.

ಕೋಳಿಗಳು ಒಮ್ಮೆಲೇ ಸಾಯತೊಡಗಿದರೆ ಮುಟ್ಟಬೇಡಿ, ಕತ್ತರಿಸಬೇಡಿ, ಮೋರಿಗೆ ಎಸೆಯಲು ಯಾರಿಗೂ ಬಿಡಬೇಡಿ. ದೊಡ್ಡವರಿಗೆ ಹೇಳಿ ಪಶು ಆಸ್ಪತ್ರೆಗೆ ಸುದ್ದಿ ಮುಟ್ಟಿಸಿ. ಗೂಡಿನ ಕೆಲಸವಾದ ಮೇಲೆ ದಿನವೂ ಸೋಪಿನಿಂದ ಕೈ ತೊಳೆಯಿರಿ.

ಏನು ತಿನ್ನಿಸಬೇಕು?

ಹಳ್ಳಿಯ ತಿಪ್ಪೆಯಲ್ಲಿ ಕೋಳಿಗೆ ಹುಳು, ಗೆದ್ದಲು, ಸೊಪ್ಪು, ಉದುರಿದ ಕಾಳು ಎಲ್ಲವೂ ಸಿಗುತ್ತದೆ. ಮನೆಗಳು ಒತ್ತಾಗಿರುವ ಅಶೋಕಪುರಂನಂಥ ಬಡಾವಣೆಯಲ್ಲಿ ಅದು ಎಲ್ಲಿಂದ ಬರಬೇಕು? ಹಾಗಾಗಿ ಮನೆಯವರು ಅನ್ನ ಹಾಕುತ್ತಾರೆ. ಬರೀ ಅನ್ನ ಸಾಕೇ? ಇದಕ್ಕೆ ಉತ್ತರ ಕೊಟ್ಟದ್ದು ಕೋಳಿಗಳೇ. 1890ರ ದಶಕದಲ್ಲಿ ಇಂದಿನ ಜಕಾರ್ತಾ ನಗರದಲ್ಲಿ ಐಕ್‌ಮನ್ ಎಂಬ ಡಚ್ ವೈದ್ಯರ ಪ್ರಯೋಗಾಲಯದ ಕೋಳಿಗಳು ಕಾಲು ಸ್ವಾಧೀನ ತಪ್ಪಿ ಬೀಳತೊಡಗಿದವು. ಕೆಲವು ತಿಂಗಳ ನಂತರ ತಾವಾಗಿ ಗುಣವಾದವು. ವಿಚಾರಿಸಿದರೆ, ನಡುವೆ ಅವುಗಳಿಗೆ ಆಸ್ಪತ್ರೆಯ ಅಡಿಗೆಮನೆಯಿಂದ ಚೆನ್ನಾಗಿ ಪಾಲಿಷ್ ಮಾಡಿದ ಬಿಳಿ ಅಕ್ಕಿಯ ಅನ್ನ ಬರುತ್ತಿತ್ತು. ಹೊಸ ಅಡಿಗೆಯವ ಬಂದು ಅದನ್ನು ನಿಲ್ಲಿಸಿದ ಮೇಲೆ ಕೋಳಿಗಳು ಚೇತರಿಸಿಕೊಂಡಿದ್ದವು! ಅಕ್ಕಿಯ ತೌಡಿನಲ್ಲಿದ್ದ, ಮುಂದೆ ಬಿ1 ಜೀವಸತ್ವ ಎಂದು ಹೆಸರಾದ ವಸ್ತು ಬಿಳಿ ಅಕ್ಕಿಯಲ್ಲಿ ಇರಲಿಲ್ಲ. ಮನುಷ್ಯರ ಬೆರಿಬೆರಿ ರೋಗದ ಗುಟ್ಟು ಬಯಲಾಗಲು ಇದು ದಾರಿಯಾಯಿತು. 1929ರಲ್ಲಿ ಐಕ್‌ಮನ್‌ಗೆ ನೊಬೆಲ್ ಬಂತು.

ಆದ್ದರಿಂದ ಹತ್ತು ಬಟ್ಟಲು ಮೇವಿನಲ್ಲಿ ಆರು ಬಟ್ಟಲು ರಾಗಿ, ಜೋಳ, ನುಚ್ಚು ಇರಲಿ. ಮೂರು ಬಟ್ಟಲು ಹಿಂಡಿ. ಒಂದು ಬಟ್ಟಲು ತೌಡು. ಮೇಲೆ ನುಗ್ಗೆಸೊಪ್ಪೋ ಬೇರೆ ಹಸಿರೋ ಸ್ವಲ್ಪ. ದೊಡ್ಡ ಕೋಳಿಗೆ ದಿನಕ್ಕೆ ಸುಮಾರು 100 ಗ್ರಾಂ ಬೇಕು. ಮೊಟ್ಟೆಯಿಡುವ ಹೇಂಟೆಗೆ ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ತಟ್ಟೆಯಲ್ಲಿಡಿ. ಪ್ರತಿ ಮೊಟ್ಟೆಯ ಚಿಪ್ಪಿಗೂ ಅದು ತನ್ನ ಮೈಯಿಂದ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಕೊಡುತ್ತದೆ. ಮರಿಗಳಿಗೆ ಇದು ಬೇಡ, ಹೆಚ್ಚಾದರೆ ಅವುಗಳ ಮೂತ್ರಪಿಂಡ ಕೆಡುತ್ತದೆ.

ಬೂಸಲು ಹಿಡಿದ ಕಡಲೆಕಾಯಿ ಹಿಂಡಿಯನ್ನು "ಕೋಳಿಗೆ ತಾನೆ" ಎಂದು ಹಾಕುವುದು ಬಹಳ ಕಡೆ ಇದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತದ್ದು ಬೂಸಲಿನ ಕಡಲೆಕಾಯಿ ಹಿಂಡಿಯಿಂದಲೇ. ಆ ಬೂಸಲು ಸ್ರವಿಸುವ ಅಫ್ಲಾಟಾಕ್ಸಿನ್ ಎಂಬ ವಿಷ ಪತ್ತೆಯಾದದ್ದು ಆಗ. ಬೇಯಿಸಿದರೂ ಅದು ಪೂರ್ತಿ ಹೋಗುವುದಿಲ್ಲ.

ಇನ್ನು ಹುಂಜದ ವಿಷಯ. ಎಂಟು ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಆದರೆ ಅದೇ ಹುಂಜ, ಅದರ ಮಗ, ಅದರ ಮೊಮ್ಮಗ ಎಂದು ಒಂದೇ ಮನೆಯಲ್ಲಿ ಸಂತಾನ ಮುಂದುವರಿದರೆ ಮೊಟ್ಟೆಗಳು ಬರಡಾಗುತ್ತವೆ, ಮರಿಗಳು ಬಲಹೀನವಾಗುತ್ತವೆ. ವರ್ಷಕ್ಕೊಮ್ಮೆ ಅದೇ ತಳಿಯ, ಆದರೆ ಬೇರೆ ಮನೆಯ ಹುಂಜವನ್ನು ಬದಲಾಯಿಸಿಕೊಳ್ಳಬೇಕು. ಅಪರೂಪದ ತಳಿಯನ್ನು ಒಬ್ಬರೇ ಉಳಿಸಲಾಗದಿರುವುದಕ್ಕೆ ಇದೂ ಒಂದು ಕಾರಣ.

ಮಾಡಿ ನೋಡಿ

1. ಮೊಟ್ಟೆಯ ಚಿಪ್ಪಿನ ಚೂರುಗಳನ್ನು ನಿಂಬೆರಸದಲ್ಲಿ ಹಾಕಿ. ಏಳುವ ಗುಳ್ಳೆಗಳು ಯಾವ ಅನಿಲದವು? ಕಪ್ಪೆಚಿಪ್ಪಿನ ಚೂರನ್ನೂ ಹಾಕಿ ಹೋಲಿಸಿ.

2. ಕಾವು ಕೂತು ಏಳನೆಯ ದಿನದ ರಾತ್ರಿ, ಮನೆಯ ಹಿರಿಯರ ಜೊತೆ, ಮೊಟ್ಟೆಯ ಅಗಲ ತುದಿಗೆ ಟಾರ್ಚ್ ಹಿಡಿದು ನೋಡಿ. ಜೇಡರ ಬಲೆಯಂತೆ ರಕ್ತನಾಳಗಳು ಕಂಡರೆ ಒಳಗೆ ಮರಿ ಬೆಳೆಯುತ್ತಿದೆ. ಅಂಗಡಿಯಿಂದ ತಂದ ಮೊಟ್ಟೆಯಲ್ಲಿ ಇದು ಎಂದೂ ಕಾಣುವುದಿಲ್ಲ. ಆ ಕೋಳಿಗಳ ಜೊತೆ ಯಾರು ಇರಲಿಲ್ಲ?

3. ಕಾವಿಗೆ ಇಡುವ ಮುನ್ನ ಒಂದು ಮೊಟ್ಟೆಗೆ ಪೆನ್ಸಿಲಿನಿಂದ ಗುರುತು ಮಾಡಿ, ಹತ್ತಿರದ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿ ಬರೆದಿಟ್ಟುಕೊಳ್ಳಿ. ಹದಿನೆಂಟನೆಯ ದಿನ ಮತ್ತೆ ತೂಗಿ. 50 ಗ್ರಾಂ ಇದ್ದ ಮೊಟ್ಟೆ ಸುಮಾರು 44 ಗ್ರಾಂಗೆ ಇಳಿದಿರುತ್ತದೆ. ಮರಿ ಬೆಳೆಯುತ್ತಿದೆ, ತೂಕ ಮಾತ್ರ ಇಳಿಯುತ್ತಿದೆ! ಆ ಆರು ಗ್ರಾಂ ಎಲ್ಲಿ ಹೋಯಿತು, ಯಾವ ದಾರಿಯಿಂದ ಹೋಯಿತು? ನಿಮ್ಮ ಉತ್ತರವನ್ನು ಕಾರಣ ಸಹಿತ ಬರೆದು ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ.